ಅಮ್ಮ ನಂಬಿದ ನೀಲಿ ಚುಕ್ಕೆ

ಮೂಡುಬಿದಿರೆಯ ನಮ್ಮ ಮನೆಗೆ ಯಾವ ಪೊಟ್ಟಣ ಬಂದರೂ ಅದು ಮೊದಲು ಅಮ್ಮನ ಕೈ ದಾಟಬೇಕು. ಬಿಸ್ಕಿಟ್ ಇರಲಿ, ಶ್ಯಾವಿಗೆ ಇರಲಿ, ನೆಂಟರು ಪ್ರೀತಿಯಿಂದ ತಂದ ಚಾಕಲೇಟ್ ಇರಲಿ, ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ, ಕನ್ನಡಕವನ್ನು ಹಣೆಗೆ ಏರಿಸಿ, ಕಣ್ಣಿನ ಹತ್ತಿರ ಹಿಡಿದು ಹಸಿರು ಚುಕ್ಕೆ ಹುಡುಕುತ್ತಿದ್ದಳು. ಚೌಕದೊಳಗೆ ಆ ಚುಕ್ಕೆ ಕಂಡರೆ ಪೊಟ್ಟಣ ಅಡುಗೆಮನೆಗೆ, ಕಾಣದಿದ್ದರೆ ಜಗಲಿಯಲ್ಲೇ. ನಾವು ಜೈನರು. ಅಮ್ಮನಂತೂ ಕತ್ತಲಾಗುವ ಮೊದಲೇ ಊಟ ಮುಗಿಸುವವಳು, ಬೆಳ್ಳುಳ್ಳಿಯನ್ನು ಹಿತ್ತಿಲಿನಲ್ಲೂ ಬಿಟ್ಟುಕೊಳ್ಳದವಳು.

ಆದರೆ ಪೊಟ್ಟಣದ ಹಿಂದೆ ಇಂಗ್ಲಿಷಿನಲ್ಲಿ ಸಣ್ಣದಾಗಿ ಅಚ್ಚಾಗಿರುವ ಪಟ್ಟಿಯ ತಂಟೆಗೆ ಅವಳು ಒಮ್ಮೆಯೂ ಹೋದವಳಲ್ಲ. ನನ್ನ ಹತ್ತಿರ ಓದಿಸಿಕೊಂಡವಳೂ ಅಲ್ಲ. ಒಮ್ಮೆ ನಾನು ತಮಾಷೆ ಮಾಡಿದ್ದಕ್ಕೆ ಅವಳು ಹೇಳಿದ ಮಾತು ನೆನಪಿದೆ. ಮನೆಯಲ್ಲಿ ನಮ್ಮದು ತುಳು, ಮಗಳಾದ ನನ್ನನ್ನೂ ಅವಳು ಮಗಾ ಎಂದೇ ಕರೆಯುವುದು, ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

"ಓದುವವರು ಓದಿ ಚುಕ್ಕೆ ಹಾಕಿದ್ದಾರಲ್ಲ ಮಗಾ. ನಾನು ಎಂತಕ್ಕೆ ಪುನಃ ಓದಬೇಕು?"

ನಾನು ನಕ್ಕೆ. ಆಮೇಲೆ ಅದೇ ಮಾತನ್ನು ನಂಬಿಕೊಂಡು ಒಂದು ಕೆಲಸಕ್ಕೆ ಕೈ ಹಾಕಿದೆ.

ನಾನು ಬಂಟ್ವಾಳದ ಕಡೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ನನಗೆ ಆ ಪಾಠ ಹೇಳಿಕೊಟ್ಟವರು ನಿವೃತ್ತರಾಗಿ ಬೆಳ್ತಂಗಡಿಯಲ್ಲಿದ್ದಾರೆ. ಅವರನ್ನು ಇಲ್ಲಿ ಸರ್ ಎಂದಷ್ಟೇ ಕರೆಯುತ್ತೇನೆ, ಬಾಯಿಗೆ ಬೇರೆ ಹೆಸರು ಬರುವುದೂ ಇಲ್ಲ. ಡಿಗ್ರಿಯಲ್ಲಿದ್ದಾಗ ಅವರು ನಮಗೊಂದು ಅಭ್ಯಾಸ ಮಾಡಿಸುತ್ತಿದ್ದರು. ಯಾವುದಾದರೂ ಸಂಶೋಧನಾ ಪ್ರಬಂಧದ ಜೆರಾಕ್ಸ್ ತರುತ್ತಿದ್ದರು. ಇಂಥ ಪ್ರಬಂಧದ ಮೇಲ್ಭಾಗದಲ್ಲಿ ಹತ್ತು ಹನ್ನೆರಡು ಸಾಲಿನ ಸಾರಾಂಶ ಇರುತ್ತದೆ. ನಮ್ಮ ಕಣ್ಣೆದುರೇ ಆ ಸಾರಾಂಶವನ್ನು ಕತ್ತರಿಯಿಂದ ಕತ್ತರಿಸಿ ಅಂಗಿಯ ಕಿಸೆಗೆ ಹಾಕಿಕೊಂಡು ಉಳಿದ ಹಾಳೆಗಳನ್ನು ನಮಗೆ ಕೊಡುತ್ತಿದ್ದರು. "ಸಾರಾಂಶ ನನ್ನ ಹತ್ತಿರ ಉಂಟು. ನೀವು ಪೂರಾ ಓದಿ ನಿಮ್ಮದೊಂದು ಬರೀರಿ. ಆಮೇಲೆ ಹೋಲಿಸಿ ನೋಡುವ." ವಾರಗಟ್ಟಲೆ ಒದ್ದಾಡಿ ಬರೆಯುತ್ತಿದ್ದೆವು. ಎಷ್ಟೋ ಸಲ ಕಿಸೆಯಲ್ಲಿದ್ದ ತುಂಡು ಒಂದು ಹೇಳಿದರೆ ಒಳಗಿನ ಪುಟಗಳು ಅದರ ಅರ್ಧವನ್ನೂ ಹೇಳುತ್ತಿರಲಿಲ್ಲ. ಆಗ ಸರ್ ಮೇಜಿಗೆ ಒರಗಿ ನಿಂತು ಮೀಸೆಯಲ್ಲೇ ನಗುತ್ತಿದ್ದರು. ಇವತ್ತು ನನಗೆ ಓದಲು ಬರುತ್ತದೆ ಎಂದಾದರೆ ಅದು ಆ ಕತ್ತರಿಯಿಂದ.

ಗಿಡಮರಗಳ ಬಗ್ಗೆ ಕನ್ನಡದಲ್ಲಿ ಒಂದು ಬ್ಲಾಗ್ ಮಾಡುವ ಎಂದು ಮೊದಲು ಹೇಳಿದ್ದು ಅವರೇ. ವಾಟ್ಸಾಪಿನಲ್ಲಿ ದಿನಕ್ಕೊಂದು ಮದ್ದು ಬರುತ್ತಿತ್ತು, ಕೆಳಗೆ "ವಿಜ್ಞಾನಿಗಳೇ ಒಪ್ಪಿದ್ದಾರೆ" ಎಂಬ ಬಾಲ. ಯಾವ ವಿಜ್ಞಾನಿ, ಎಲ್ಲಿ ಒಪ್ಪಿದ, ಯಾರು ಕೇಳಿದರು, ಒಂದೂ ಇಲ್ಲ. ನಮ್ಮಿಬ್ಬರಿಗೂ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಬ್ಲಾಗ್ ಶುರುವಾಯಿತು. ಮುಂಡಾಜೆಯ ದಾರಿಬದಿಯಲ್ಲಿ ಕಂಡ ಹೂವು, ನೆರಿಯದ ಕಾಡಂಚಿನ ಬಳ್ಳಿ, ಸರ್ ಅವರ ಅಜ್ಜಿ ಮಾಡುತ್ತಿದ್ದ ತಂಬುಳಿ, ನಡುನಡುವೆ ನಿಜವಾದ ಸಂಶೋಧನೆ. ಓದುವವರು ಹೆಚ್ಚಿದರು. ಆಗ ಗೊತ್ತಾಯಿತು, ನಾವೂ ಅದೇ ಗೊಂದಲ ಮಾಡುತ್ತಿದ್ದೇವೆ ಎಂದು. ಅಜ್ಜಿಯ ತಂಬುಳಿಯೂ ಪ್ರಯೋಗಾಲಯದ ಮಾತೂ ಒಂದೇ ಅಕ್ಷರದಲ್ಲಿ, ಒಂದೇ ಬಣ್ಣದಲ್ಲಿ ಕೂತಿದ್ದರೆ ಓದುವವರಿಗೆ ಯಾವುದು ಯಾವುದೆಂದು ಗೊತ್ತಾಗುವುದು ಹೇಗೆ?

ನನಗೆ ಅಮ್ಮನ ಪೊಟ್ಟಣ ನೆನಪಾಯಿತು. ಹಸಿರು ಬೇಡ, ನೀಲಿ ಇರಲಿ ಎಂದೆ. ಸರ್ ಅವರಿಗೆ ತುಂಬ ಖುಷಿಯಾಯಿತು. ನಿಯಮಗಳನ್ನು ಅವರೇ ಬರೆದರು. ಬರಹದ ತಲೆಯ ಮೇಲೆ ನೀಲಿ ಚುಕ್ಕೆ ಇದ್ದರೆ ಅದು ಪತ್ರಿಕೆಯ ಸುದ್ದಿ ನೋಡಿ ಬರೆದದ್ದಲ್ಲ, ಅದೇ ವಿಷಯ ಬಲ್ಲ ಬೇರೆ ವಿಜ್ಞಾನಿಗಳು ಪರಿಶೀಲಿಸಿ, ಪ್ರಶ್ನೆ ಕೇಳಿ, ತಿದ್ದಿಸಿದ ಮೇಲೆ ಅಚ್ಚಾದ ಪ್ರಬಂಧವನ್ನು ಓದಿ ಬರೆದದ್ದು. ಬರೆದವರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿರಬೇಕು. ನಮ್ಮಲ್ಲಿ ಇನ್ನೊಬ್ಬರೂ ಓದಿರಬೇಕು. ಕೆಳಗೆ ಲಿಂಕ್ ಇರಬೇಕು. ಚುಕ್ಕೆ ಇಲ್ಲದ್ದನ್ನು ನಮ್ಮ ಪಟ್ಟಾಂಗ, ಬರೀ ಹರಟೆ ಎಂದು ತಿಳಿಯತಕ್ಕದ್ದು. "ಇಬ್ಬರು ಓದದೆ ಚುಕ್ಕೆ ಇಲ್ಲ" ಎಂಬ ಸಾಲನ್ನು ಸರ್ ಬ್ಲಾಗಿನ ನೆತ್ತಿಯ ಮೇಲೇ ಹಾಕಿಸಿದರು.

ಮೊದಮೊದಲು ಹಾಗೆಯೇ ನಡೆಯಿತು. ನಾನು ಬರೆದದ್ದನ್ನು ಸರ್ ಎರಡು ಸಲ ತಿರುಗಿ ಕಳಿಸಿದ್ದುಂಟು, "ಕೋಷ್ಟಕ ಸರಿಯಾಗಿ ನೋಡಿಲ್ಲ ನೀನು" ಎಂದು. ಅವರು ಬರೆದದ್ದನ್ನು ನಾನು ಓದುವುದು ಮಾತ್ರ ನಿಧಾನಕ್ಕೆ ಕಡಿಮೆಯಾಯಿತು. ಸೋಮಾರಿತನ ಎಂದರೆ ಅರ್ಧ ಸತ್ಯ. ನಮ್ಮ ಕಡೆ ಕಲಿಸಿದವರು ಬಂದರೆ ಈಗಲೂ ನಾವು ಕುರ್ಚಿಯಿಂದ ಏಳುತ್ತೇವೆ. ಸರ್ ಓದಿದ್ದನ್ನು ನಾನು ಇನ್ನೊಮ್ಮೆ ಓದಿ ಸರಿ ಉಂಟು ಎಂದು ಹೇಳುವುದೆಂದರೆ ಅವರ ಉತ್ತರಪತ್ರಿಕೆಗೆ ನಾನು ಮಾರ್ಕು ಹಾಕಿದಂತೆ ಅನ್ನಿಸುತ್ತಿತ್ತು. ಅದು ನನ್ನ ಕೈಲಿ ಆಗಲಿಲ್ಲ.

ಬಂಟ್ವಾಳದಲ್ಲಿ ನಾನು ಬಸ್ಸಿಗೆ ಕಾಯುವ ಜಾಗದ ಎದುರು ಒಂದು ಮೆಡಿಕಲ್ ಶಾಪ್ ಇದೆ. ನಡೆಸುವವರು ಬ್ಯಾರಿಗಳು, ನಮ್ಮ ಕರಾವಳಿಯ ಮುಸ್ಲಿಮರು, ಬಹಳ ವರ್ಷ ಗಲ್ಫಿನ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿದ್ದು ಊರಿಗೆ ಮರಳಿದವರು. ಅಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು, ಸಂಜೆಯ ಊಟಕ್ಕೆ ಮೊದಲು ಒಂದು ಮಾತ್ರೆ. ಅವನ್ನು ನಾನು ತಿಂಗಳು ತಿಂಗಳು ಅಲ್ಲಿಂದಲೇ ಒಯ್ಯುತ್ತಿದ್ದೆ. ನಮ್ಮ ಬ್ಲಾಗಿನ ದೊಡ್ಡ ಅಭಿಮಾನಿ ಯಾರಾದರೂ ಇದ್ದರೆ ಅದು ಅವರೇ. ಚುಕ್ಕೆಯ ಬರಹಗಳನ್ನು ಪ್ರಿಂಟ್ ತೆಗೆದು ಅಂಗಡಿಯ ಗಾಜಿಗೆ ಅಂಟಿಸುತ್ತಿದ್ದರು. ಅವರ ಪ್ರಿಂಟರಿನಲ್ಲಿ ಬಣ್ಣ ಬರುವುದಿಲ್ಲ. ಹಾಗಾಗಿ ಚುಕ್ಕೆ ಬೂದಿಯ ಬಣ್ಣಕ್ಕೆ ಬರುತ್ತಿತ್ತು. ಅದರ ಮೇಲೆ ನೀಲಿ ಬಾಲ್ ಪೆನ್ನಿನಿಂದ ಗೀಚಿ ಗೀಚಿ ತುಂಬಿಸುತ್ತಿದ್ದರು.

"ಚುಕ್ಕೆ ಇಲ್ಲದ್ದನ್ನು ನಾನು ಅಂಟಿಸುದಿಲ್ಲ ಮೇಡಂ" ಎಂದು ಒಮ್ಮೆ ಹೇಳಿದ್ದರು. "ಇದು ಮದ್ದಿನ ಅಂಗಡಿ ಅಲ್ವಾ. ಜನ ಓದಿ ಹಾಗೆಯೇ ಮಾಡ್ತಾರೆ."

ನನಗೆ ಆಗ ಹೆಮ್ಮೆಯಾಗಿತ್ತು. ಆ ಮಾತಿನ ಭಾರ ಹೊಳೆಯಲಿಲ್ಲ.

ಆಟಿ ತಿಂಗಳು ಬಂತು, ತುಳುವರ ಮಳೆಗಾಲದ ಆಷಾಢ. ನಮ್ಮಲ್ಲಿ ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಪಾಲೆ, ಅಂದರೆ ಸಪ್ತಪರ್ಣಿ ಮರದ ತೊಗಟೆಯನ್ನು, ಊರಿನವರು ಕೆತ್ತೆ ಎನ್ನುವುದನ್ನು, ಕಲ್ಲಿನಿಂದ ಜಜ್ಜಿ ತೆಗೆದು ತರುತ್ತಾರೆ, ಕತ್ತಿ ತಾಗಿಸುವಂತಿಲ್ಲ. ಅದರ ರಸಕ್ಕೆ ಕರಿಮೆಣಸು, ಓಮ ಹಾಕಿ, ಬೆಂಕಿಯಲ್ಲಿ ಕಾಯಿಸಿದ ಬಿಳಿಕಲ್ಲು ಮುಳುಗಿಸಿ, ಖಾಲಿ ಹೊಟ್ಟೆಗೆ ಕುಡಿಯುವುದು. ಬೇರೆ ಮನೆಗಳಲ್ಲಿ ಬೆಳ್ಳುಳ್ಳಿಯೂ ಬೀಳುತ್ತದೆ, ಅಮ್ಮನ ಪಾತ್ರೆಗೆ ಇಲ್ಲ. ಕಹಿ ಎಂದರೆ ಅಂಥ ಕಹಿ. ಮೇಲಿನಿಂದ ಮೆಂತೆ ಗಂಜಿ ಉಂಡರೆ ವರ್ಷದ ಲೆಕ್ಕ ಮುಗಿಯಿತು. ವರ್ಷಕ್ಕೆ ಒಂದೇ ದಿನ, ಒಂದೇ ಸಣ್ಣ ಲೋಟ. ಚಿಕ್ಕವಳಿದ್ದಾಗ ಮೂಗು ಹಿಡಿದು ಕುಡಿಸಿದ್ದು ನನಗಿನ್ನೂ ನಾಲಿಗೆಯಲ್ಲಿದೆ.

ಸರ್ ಪಾಲೆಯ ಬಗ್ಗೆ ಪ್ರತಿವರ್ಷ ಏನಾದರೊಂದು ಬರೆಯುತ್ತಿದ್ದರು, ಚುಕ್ಕೆಯಿಲ್ಲದೆ. ಆ ವರ್ಷ ಮಾತ್ರ ಚುಕ್ಕೆ ಹಾಕುವಂಥದ್ದು ಸಿಕ್ಕಿದೆ ಎಂದು ಫೋನ್ ಮಾಡಿದರು. ನಾನು ಮೌಲ್ಯಮಾಪನದಲ್ಲಿ ಮುಳುಗಿದ್ದೆ, ಎದುರಿಗೆ ಉತ್ತರಪತ್ರಿಕೆಗಳ ಕಟ್ಟು.

"ಪ್ರಬಂಧ ಕಳಿಸ್ಲಾ? ನೀನೊಮ್ಮೆ ನೋಡ್ತೀಯಾ?" ಎಂದರು.

"ನೀವು ಓದಿದ್ದೀರಲ್ಲ ಸರ್?"

"ಓದಿದ್ದೇನೆ ಮಾರಾಯ್ತಿ. ಪೂರಾ ಓದಿದ್ದೇನೆ."

"ಹಾಗಾದರೆ ಹಾಕಿ ಸರ್."

ಇಷ್ಟೇ ಮಾತು. ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆಂದರೆ ಈಗ ನಡುವಿನ ಉಸಿರೂ ಬಾಯಿಪಾಠವಾಗಿದೆ.

ಬರಹ ಬಂತು, ತಲೆಯ ಮೇಲೆ ಚುಕ್ಕೆಯೊಂದಿಗೆ. ಪಾಲೆ ತೊಗಟೆಯನ್ನು ಅಮಾವಾಸ್ಯೆಗೆ ಮಾತ್ರ ಮೀಸಲಿಡಬೇಕಾಗಿಲ್ಲ, ಸ್ವಲ್ಪ ಸ್ವಲ್ಪ ದಿನವೂ ತೆಗೆದುಕೊಂಡರೆ ಸಕ್ಕರೆ ಹತೋಟಿಗೆ ಬರುವುದನ್ನು ಸಂಶೋಧನೆ ತೋರಿಸಿದೆ ಎಂದು ಅದರಲ್ಲಿತ್ತು. ನಾನು ಫೋನಿನಲ್ಲಿ ಮೇಲೆ ಮೇಲೆ ಕಣ್ಣಾಡಿಸಿದೆ. ಭಾಷೆ ಚೆನ್ನಾಗಿದೆ ಅನ್ನಿಸಿತು. ಭಾಷೆ!

ಎರಡು ತಿಂಗಳು ಕಳೆದು, ದಸರಾ ರಜೆಗೆ ಮೊದಲಿನ ಒಂದು ಮಧ್ಯಾಹ್ನ ನಾನು ಬಸ್ಸಿಗೆ ಕಾಯುತ್ತಿದ್ದಾಗ ಮೆಡಿಕಲಿನವರು ಕೈಸನ್ನೆ ಮಾಡಿ ಕರೆದರು.

"ಮೇಡಂ, ಅಮ್ಮನ ಮಾತ್ರೆ ಈಗ ಬೇರೆ ಕಡೆಯಿಂದ ತಕೊಳ್ತೀರಾ?"

"ಇಲ್ಲವಲ್ಲ. ಅಮ್ಮನೇ ಇನ್ನೂ ಉಂಟು, ತರಬೇಡ ಅಂತ ಹೇಳಿದ್ರು."

"ಎರಡು ತಿಂಗಳಾಯ್ತಲ್ಲ ಮೇಡಂ. ಹೇಗೆ ಇರ್ತದೆ?"

ಅವರು ಮೆತ್ತಗೆ ಕೇಳಿದರು. ಬಸ್ಸು ಸಿದ್ಧಕಟ್ಟೆ ದಾಟುವವರೆಗೂ ನನಗೆ ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ. ಆಮೇಲೆ ಕೂತಲ್ಲೇ ಲೆಕ್ಕ ಹಾಕಿದೆ, ಕೊನೆಯ ಸಲ ಒಯ್ದದ್ದು ಒಂದೇ ತಿಂಗಳ ಮಾತ್ರೆ.

ಮನೆಗೆ ಹೋಗಿ ಅಮ್ಮನ ಪೆಟ್ಟಿಗೆ ತೆರೆದರೆ ಮಾತ್ರೆಯ ಹಾಳೆಗಳು ಹಾಗೆಯೇ ಇವೆ, ಒಂದರ ಮೇಲೊಂದು, ರಬ್ಬರ್ ಬ್ಯಾಂಡ್ ಹಾಕಿ. ಪಕ್ಕದಲ್ಲಿ ಹಳೆಯ ಬಿಸ್ಕಿಟ್ ಡಬ್ಬಿ. ಮುಚ್ಚಳ ತೆಗೆದರೆ ಒಣಗಿಸಿ ಪುಡಿ ಮಾಡಿದ ಪಾಲೆ ತೊಗಟೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಎಡಗಾಲಿಗೆ ಸೀರೆಯ ತುಂಡೊಂದನ್ನು ಸುತ್ತಿಕೊಂಡಿದ್ದಳು. ನೆರಿಗೆಯ ಅಡಿಯಲ್ಲಿ ನನಗೆ ಅದು ಅಷ್ಟು ದಿನ ಕಂಡಿರಲಿಲ್ಲ.

"ಮಾತ್ರೆ ಯಾಕೆ ಬಿಟ್ಟದ್ದು?" ಎಂದು ಕಿರುಚಿದೆ.

ಅವಳು ಬೆರಗಾಗಿ ನನ್ನನ್ನು ನೋಡಿದಳು. ನಾನು ಬೈಯುತ್ತಿರುವುದು ಯಾಕೆಂದೇ ಅವಳಿಗೆ ತಿಳಿಯಲಿಲ್ಲ.

"ನಿನ್ನದೇ ಚುಕ್ಕೆ ಇತ್ತಲ್ಲ ಮಗಾ" ಎಂದಳು.

ಫೋನ್ ತಂದು ತೋರಿಸಿದಳು. ಅಕ್ಷರ ದೊಡ್ಡದು ಮಾಡಿ ಇಟ್ಟುಕೊಂಡಿದ್ದಾಳೆ, ಪರದೆಯ ಮೇಲೆ ಒಂದು ಸಲಕ್ಕೆ ನಾಲ್ಕೇ ಸಾಲು. ಎಲ್ಲಕ್ಕಿಂತ ಮೇಲೆ ಹುಣ್ಣಿಮೆಯಷ್ಟು ದೊಡ್ಡ ನೀಲಿ ಚುಕ್ಕೆ. ಬ್ಲಾಗಿನಲ್ಲಿ ಬಂದ ಪ್ರತಿಯೊಂದನ್ನೂ ಅವಳು ಹಾಗೆಯೇ ಓದುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು. ಹಸಿರು ಚುಕ್ಕೆಗೆ ಎಷ್ಟು ಬೆಲೆ ಕೊಟ್ಟಿದ್ದಳೋ ಇದಕ್ಕೂ ಅಷ್ಟೇ ಕೊಟ್ಟಿದ್ದಳು. ಇದಕ್ಕೆ ತುಸು ಹೆಚ್ಚೇ, ಯಾಕೆಂದರೆ ಇದು ಮಗಳದ್ದು.

ಕಾಲಿನ ಬಟ್ಟೆ ಬಿಚ್ಚಿದೆ. ಬಸದಿಯ ಅಂಗಳದಲ್ಲಿ ಬರಿಗಾಲಲ್ಲಿ ಸುತ್ತುವಾಗ ಏನೋ ಚುಚ್ಚಿತ್ತಂತೆ. ನೋವೇ ಇಲ್ಲ, ಅರಸಿನ ಹಚ್ಚಿದ್ದೇನೆ, ಒಣಗುತ್ತದೆ ಎಂದಳು. ಕಿರುಬೆರಳು ಕಪ್ಪಗಾಗಿತ್ತು. ನೋವಿಲ್ಲ ಎಂಬುದೇ ಕೆಟ್ಟ ಸುದ್ದಿ ಎಂದು ಅವಳಿಗೆ ಹೇಗೆ ಹೇಳುವುದು?

ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ರಕ್ತದ ರಿಪೋರ್ಟು ಹಿಡಿದುಕೊಂಡು ಅಮ್ಮನ ಹತ್ತಿರ ಬಂದು ಮಾತ್ರೆ ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಗೋಡೆ ನೋಡಿಕೊಂಡು, "ಮರೆತುಹೋಯ್ತು ಡಾಕ್ಟ್ರೇ, ವಯಸ್ಸಾಯ್ತಲ್ಲ" ಎಂದಳು. ಎಪ್ಪತ್ತು ದಾಟಿದ ಮೇಲೂ ಪಂಚಾಂಗ ನೋಡದೆ ತಿಥಿ ಹೇಳುವವಳು, ನನ್ನ ಮಾನ ಉಳಿಸಲು ಮರೆವಿನವಳಾದಳು. ನಾನು ಆಗಲೂ ಬಾಯಿ ತೆರೆಯಲಿಲ್ಲ. ಕಿರುಬೆರಳನ್ನು ತೆಗೆಯಬೇಕಾಯಿತು.

ಮೂರನೆಯ ದಿನ ಮೆಡಿಕಲಿನವರು ನೋಡಲು ಬಂದರು. ಕೈಯಲ್ಲಿ ಮುಸುಂಬಿಯ ಚೀಲ, ಕಂಕುಳಲ್ಲಿ ಒಂದು ಫೈಲು. ಅಮ್ಮನ ಹತ್ತಿರ ಸ್ವಲ್ಪ ಹೊತ್ತು ಮಾತಾಡಿ ನನ್ನನ್ನು ವರಾಂಡಕ್ಕೆ ಕರೆದರು.

"ಬೇಜಾರು ಮಾಡ್ಬೇಡಿ ಮೇಡಂ. ಅಮ್ಮನನ್ನು ಅಡ್ಮಿಟ್ ಮಾಡಿದ ದಿನ ನೀವು ಪಾಲೆ ಕೆತ್ತೆಯ ವಿಷಯ ಫೋನಲ್ಲಿ ಹೇಳಿದ ಮೇಲೆ ನನಗೆ ನಿದ್ದೆ ಬರ್ಲಿಲ್ಲ. ನಾನೇ ಅದನ್ನು ಗಾಜಿಗೆ ಅಂಟಿಸಿದ್ದು ಅಲ್ವಾ. ಕೆಳಗಿನ ಲಿಂಕ್ ಒತ್ತಿದ್ರೆ ಸಾರಾಂಶ ಮಾತ್ರ ಬರ್ತದೆ, ಮತ್ತೆ ದುಡ್ಡು ಕೇಳ್ತದೆ. ಗಲ್ಫಿನಲ್ಲಿ ನನ್ನ ಹಳೆಯ ಆಸ್ಪತ್ರೆಯಲ್ಲಿ ದೋಸ್ತಿ ಇದ್ದಾನೆ, ಅವನಿಗೆ ಮೆಸೇಜ್ ಹಾಕಿದೆ. ಹತ್ತು ನಿಮಿಷದಲ್ಲಿ ಪೂರ್ತಿ ಕಳಿಸಿದ."

ಫೈಲಿನಿಂದ ಹಾಳೆ ತೆಗೆದು ಕೊಟ್ಟರು.

"ಇದು ಕೆತ್ತೆಯಲ್ಲಿ ಎಂತೆಲ್ಲಾ ಉಂಟು ಅಂತ ಬಿಡಿಸಿ ನೋಡಿದ್ದು ಮೇಡಂ. ಸಕ್ಕರೆ ಕಾಯಿಲೆಗೆ ಕೆಲವು ಕಡೆ ಬಳಸ್ತಾರೆ ಅಂತ ಸಾರಾಂಶದಲ್ಲಿ ಒಂದು ಲೈನ್ ಉಂಟು. ಒಳಗೆ ಎಲ್ಲಿಯೂ ಇಲ್ಲ. ಯಾರಿಗೂ ಕುಡಿಸಿ ನೋಡ್ಲೇ ಇಲ್ಲ. ನನಗೆ ಅರ್ಥ ಆದದ್ದು ತಪ್ಪಿದ್ರೆ ನೀವು ಹೇಳಿ."

ತಪ್ಪಿದ್ದರೆ ನೀವು ಹೇಳಿ! ಗಲ್ಫಿನಿಂದ ಬಂದು ಕೌಂಟರಿನ ಹಿಂದೆ ಕೂತ ಮನುಷ್ಯ ನಮ್ಮಿಬ್ಬರ ಕೆಲಸವನ್ನು ಮಾಡಿ ಮುಗಿಸಿ, ನನ್ನ ಹತ್ತಿರ ವಿನಯದಿಂದ ನಿಂತಿದ್ದರು. ಅಮ್ಮ ಮಲಗಿದ್ದಾಗ ಹೊರಗಿನ ಬೆಂಚಿನಲ್ಲಿ ಕೂತು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದೆ. ಅವರು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ. ಓದಲು ಒಂದು ಗಂಟೆಯೂ ಹಿಡಿಯಲಿಲ್ಲ.

ಅಮ್ಮ ಮನೆಗೆ ಬಂದ ವಾರ ನಾನು ವೇಣೂರಿನ ದಾರಿಯಾಗಿ ಬೆಳ್ತಂಗಡಿಗೆ ಹೋದೆ. ದಾರಿಯುದ್ದಕ್ಕೂ ನನಗೆ ಒಂದು ಆಸೆ ಇತ್ತು. ಸರ್ ಹತ್ತಿರ ಏನೋ ಉತ್ತರ ಇರುತ್ತದೆ, ಬೇರೆ ಯಾವುದೋ ಪ್ರಬಂಧ ಓದಿರುತ್ತಾರೆ, ಲಿಂಕ್ ತಪ್ಪಿ ಹೋಗಿರುತ್ತದೆ. ಅವರು ಬೈದು, "ಕೋಷ್ಟಕ ಸರಿಯಾಗಿ ನೋಡಿಲ್ಲ ನೀನು" ಎನ್ನಲಿ ಎಂದು ದೇವರಲ್ಲಿ ಬೇಡಿಕೊಂಡೆ.

ಅವರು ಪುನರ್ಪುಳಿಯ ಶರಬತ್ತು ಮಾಡಿ ಕೊಟ್ಟರು. ನಾನು ಹಾಳೆಗಳನ್ನು ಟೀಪಾಯಿಯ ಮೇಲೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೊದಲನೆಯ ಪುಟ ನೋಡಿದರು. ಎರಡನೆಯದಕ್ಕೆ ತಿರುಗಿಸುವಾಗ ಅವರ ಕಣ್ಣು ನಿಂತ ರೀತಿಯಲ್ಲೇ ನನಗೆ ತಿಳಿದುಹೋಯಿತು. ಆ ಪುಟವನ್ನು ಅವರು ಮೊದಲ ಸಲ ನೋಡುತ್ತಿದ್ದರು.

"ನೀವು ಓದಿರ್ಲಿಲ್ಲ ಸರ್."

ಅವರು ಕನ್ನಡಕ ತೆಗೆದರು. "ನಿವೃತ್ತಿ ಆದ ಮೇಲೆ ಲೈಬ್ರರಿಯ ಪಾಸ್‌ವರ್ಡ್ ನಿಂತುಹೋಯ್ತು. ನನಗೆ ಸಾರಾಂಶ ಮಾತ್ರ ತೆರೀತದೆ."

"ನನ್ನ ಕಾಲೇಜಿನಲ್ಲಿ ಸಿಗ್ತದಲ್ಲ ಸರ್. ಒಂದು ಮಾತು ಹೇಳಿದ್ರೆ ಕಳಿಸ್ತಿದ್ದೆ."

"ನಿನ್ನ ಹತ್ತಿರ ಕೇಳುವುದಾ?" ಎಂದರು. ಧ್ವನಿಯಲ್ಲಿ ಸಿಟ್ಟಿತ್ತು, ಅವಮಾನವೂ ಇತ್ತು.

"ಪ್ರಬಂಧ ಕಳಿಸ್ಲಾ ಅಂತ ಕೇಳಿದ್ರಿ ಆವತ್ತು."

"ಲಿಂಕ್ ಕಳಿಸ್ತಿದ್ದೆ. ನೀನು ಓದುವ ಕ್ರಮ ಉಂಟಲ್ಲ, ಓದ್ತೀ ಅಂತ ಲೆಕ್ಕ ಹಾಕಿದೆ. ಇಬ್ಬರಲ್ಲಿ ಒಬ್ಬರಾದ್ರೂ ಓದಿದ್ರೆ ಆಯ್ತು ಅಂತ."

"ಪೂರಾ ಓದಿದ್ದೇನೆ ಅಂತ ಹೇಳಿದ್ರಿ ಸರ್."

ಅವರು ಹಾಳೆಗಳ ಅಂಚು ಸರಿಮಾಡಿ ಜೋಡಿಸಿದರು. ಎಷ್ಟು ಸಮಯದಿಂದ ಹೀಗೆ ಎಂದು ಕೇಳಿದೆ. ಅವರು ನನ್ನ ಲೋಟಕ್ಕೆ ಇನ್ನಷ್ಟು ಶರಬತ್ತು ಸುರಿದರು. ಅಮ್ಮನ ಬೆರಳು ಹೋಯಿತು ಎಂದೆ. ಅವರು ಹೌಹಾರಿದರು. ಆದರೆ ಮರುಕ್ಷಣವೇ ಸಾವರಿಸಿಕೊಂಡು, "ಅದು ಕೆತ್ತೆಯಿಂದ ಹೋದದ್ದಲ್ಲ ನೋಡು. ಮಾತ್ರೆ ಬಿಟ್ಟದ್ದರಿಂದ ಹೋದದ್ದು. ಮಾತ್ರೆ ಬಿಡಿ ಅಂತ ನಾನು ಎಲ್ಲಿಯಾದ್ರೂ ಬರೆದಿದ್ದೇನಾ?" ಎಂದರು.

ಬರೆದಿರಲಿಲ್ಲ. ಅದು ಸತ್ಯ. ಆ ಸತ್ಯ ಕೇಳಿ ನನಗೆ ಅವರ ಎದುರಿನ ಲೋಟ ಎತ್ತಿ ಗೋಡೆಗೆ ಹೊಡೆಯಬೇಕೆನ್ನಿಸಿತು. ಕತ್ತರಿ ಹಿಡಿದು ನಿಂತ ಮನುಷ್ಯ ಇವರೇ ಅಲ್ಲವೇ? ಆ ಸಾರಾಂಶದ ತುಂಡನ್ನು ಕಿಸೆಯಿಂದ ತೆಗೆದು ನಮ್ಮನ್ನು ನಾಚಿಸಿದವರು ಇವರೇ ಅಲ್ಲವೇ? ನಾನು ಲೋಟ ಎತ್ತಲಿಲ್ಲ. ಶರಬತ್ತು ಪೂರ್ತಿ ಕುಡಿದೆ.

"ತಿದ್ದಿ ಹಾಕುವ" ಎಂದರು ಸರ್, ನಾನು ಏಳುವಾಗ. "ತಪ್ಪಾಗಿದೆ ಅಂತ ನಾನೇ ಬರೀತೇನೆ. ನೀನು ಗಡಿಬಿಡಿ ಮಾಡ್ಬೇಡ."

ನಂಬಿದೆ. ಅದೇ ನನ್ನ ಬುದ್ಧಿ. ಬಸ್ಸಿನಲ್ಲಿ ಅತ್ತುಕೊಂಡು ಬಂದೆ, ಸ್ವಲ್ಪ ಹಗುರವೂ ಆಗಿತ್ತು. ಎಷ್ಟೆಂದರೂ ಒಪ್ಪಿಕೊಂಡರಲ್ಲ ಎಂದುಕೊಂಡೆ.

ಮೂಡುಬಿದಿರೆಯಲ್ಲಿ ಇಳಿದು ಬ್ಲಾಗ್ ತೆರೆದೆ. ಪಾಲೆಯ ಬರಹ ಹಾಗೆಯೇ ಇತ್ತು, ಅದೇ ಹಳೆಯ ದಿನಾಂಕದೊಂದಿಗೆ. ಚುಕ್ಕೆ ಇರಲಿಲ್ಲ. ಸಕ್ಕರೆಯ ಮಾತು ಇರಲಿಲ್ಲ. ಲಿಂಕ್ ಇರಲಿಲ್ಲ. ಆಟಿ ಅಮಾವಾಸ್ಯೆ, ಬಿಳಿಕಲ್ಲು, ಮೆಂತೆ ಗಂಜಿ, ಅಷ್ಟೇ. ತಿದ್ದಲಾಗಿದೆ ಎಂಬ ಒಂದು ಸಾಲು ಎಲ್ಲಿಯೂ ಇಲ್ಲ, ಮೊದಲಿನಿಂದಲೂ ಅದು ಹಾಗೆಯೇ ಇತ್ತು ಎಂಬಂತೆ. ಕೆಳಗೆ ಕೊಕ್ಕಡದ ಓದುಗರೊಬ್ಬರು ಆಗಷ್ಟೇ ಕೇಳಿದ್ದರು: "ಸರ್, ದಿನಾ ಕುಡಿದರೆ ಶುಗರಿಗೆ ಒಳ್ಳೆಯದು ಅಂತ ಇತ್ತಲ್ಲ, ಈಗ ಕಾಣುವುದಿಲ್ಲ?" ಅದರ ಅಡಿಯಲ್ಲಿ ಸರ್ ಉತ್ತರ ಬರೆದಿದ್ದರು: "ತಾವು ಬೇರೆಲ್ಲೋ ಓದಿರಬಹುದು."

ಓದದೇ ಇದ್ದದ್ದನ್ನು ನಾನು ಇವತ್ತಲ್ಲ ನಾಳೆ ಕ್ಷಮಿಸುತ್ತಿದ್ದೆನೇನೋ. ಕಲಿಸಿದವರಿಗೆ ವಯಸ್ಸಾಗುತ್ತದೆ, ಪಾಸ್‌ವರ್ಡ್ ನಿಲ್ಲುತ್ತದೆ, ಕೇಳಲು ಸಂಕೋಚ ಅಡ್ಡ ಬರುತ್ತದೆ. ಆದರೆ ಈ ಒಂದು ಸಾಲನ್ನು ಕ್ಷಮಿಸಲು ನನ್ನಿಂದ ಆಗಿಲ್ಲ. ನಂಬಿ ಓದಿದವನಿಗೆ ನೀನು ಓದಿದ್ದೇ ಇಲ್ಲ ಎಂದು ಹೇಳುವುದು! ಕೊಕ್ಕಡದ ಆ ಮನುಷ್ಯನ ಜಾಗದಲ್ಲಿ ನನ್ನ ಅಮ್ಮ ಇದ್ದಿದ್ದರೆ ಅವಳು ತನ್ನ ಕಣ್ಣನ್ನೇ ಅನುಮಾನಿಸುತ್ತಿದ್ದಳು. ಮೋಸ ಎಂಬ ಮಾತನ್ನು ಸರ್ ವಿಷಯದಲ್ಲಿ ಬಳಸಬೇಕಾಗುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬಳಸುತ್ತಿದ್ದೇನೆ.

ಮರುದಿನ ಬಂಟ್ವಾಳದಲ್ಲಿ ಇಳಿದವಳು ನೇರ ಮೆಡಿಕಲ್ ಶಾಪಿಗೆ ಹೋದೆ. ಪಾಲೆಯ ಹಾಳೆ ಗಾಜಿನ ಮೇಲಿರಲಿಲ್ಲ, ಆದರೆ ಅವರು ಅದನ್ನು ಬಿಸಾಡಿರಲಿಲ್ಲ. ಡ್ರಾಯರಿನಿಂದ ತೆಗೆದು ಕೊಟ್ಟರು. ನಾಲ್ಕು ಮೂಲೆಗೂ ಟೇಪಿನ ಗುರುತು, ತಲೆಯ ಮೇಲೆ ಬಾಲ್ ಪೆನ್ನಿನಿಂದ ತುಂಬಿದ ನೀಲಿ ಚುಕ್ಕೆ. ಎಷ್ಟು ಒತ್ತಿ ಗೀಚಿದ್ದರೆಂದರೆ ಹಿಂಬದಿಯಲ್ಲೂ ಕೈಗೆ ಉಬ್ಬು ಸಿಗುತ್ತಿತ್ತು. ಬ್ಲಾಗಿನಿಂದ ಅಳಿಸಬಹುದು, ಇದನ್ನು ಅಳಿಸುವ ಹಾಗಿರಲಿಲ್ಲ.

"ಗಾಜಿನ ಮೇಲೆ ಇನ್ನೂ ಇಷ್ಟು ಉಂಟಲ್ಲ ಮೇಡಂ" ಎಂದರು ಅವರು. "ಯಾವುದು ನೀವು ಓದಿದ್ದು, ಯಾವುದು ಓದದ್ದು, ಒಂದು ಗುರುತು ಹಾಕಿ ಕೊಡಿ. ಓದದ್ದನ್ನು ತೆಗೀತೇನೆ."

ಪೆನ್ನು ಕೊಟ್ಟರು. ಗಿರಾಕಿಗಳು ನೋಡುತ್ತಿದ್ದರು. ಗಾಜಿನೆದುರು ನಿಂತು ನಾನು ಓದದ ಒಂದೊಂದೇ ಹಾಳೆಗೆ ಅಡ್ಡಗೆರೆ ಎಳೆದು ಕಾಟು ಹಾಕಿದೆ. ಸರ್ ಬರೆದವುಗಳಲ್ಲಿ ಇತ್ತೀಚಿನದು ಒಂದನ್ನೂ ಬಿಡುವ ಹಾಗಿರಲಿಲ್ಲ. ಪ್ರತಿಯೊಂದರಲ್ಲೂ ಚುಕ್ಕೆಯ ಅರ್ಧ ಪಾಲು ನನ್ನದಿತ್ತು. ಕೊನೆಗೆ ಗಾಜು ಹೆಚ್ಚುಕಡಿಮೆ ಖಾಲಿಯಾಯಿತು.

ಆ ಹಾಳೆಯ ಫೋಟೋ ಹಾಕಿ ಬ್ಲಾಗಿನಲ್ಲಿ ಬರೆದೆ. ಚುಕ್ಕೆಯಿಲ್ಲದೆ. ಯಾವ ಯಾವ ಬರಹವನ್ನು ಓದದೆ ಒಪ್ಪಿದ್ದೆನೋ ಎಲ್ಲದರ ಪಟ್ಟಿ ಕೊಟ್ಟೆ. ಮಾತ್ರೆ ಬಿಟ್ಟವರು ಇವತ್ತೇ ಡಾಕ್ಟರ ಹತ್ತಿರ ಹೋಗಿ ಎಂದು ಬರೆದೆ. ಕೊಕ್ಕಡದವರಿಗೆ, ನೀವು ಇಲ್ಲಿಯೇ ಓದಿದ್ದು, ನಿಮ್ಮ ಕಣ್ಣು ಸರಿ ಉಂಟು ಎಂದು ಉತ್ತರಿಸಿದೆ. ಸರ್ ಹೆಸರನ್ನು ಎಲ್ಲಿಯೂ ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಸಂಜೆಯೊಳಗೆ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ನನ್ನ ಪೂಜೆ ಶುರುವಾಯಿತು. ಕಲಿಸಿದವರ ಮರ್ಯಾದೆ ಬೀದಿಗೆ ತಂದಳು ಎಂದು ಒಬ್ಬಳು. ಫೋನ್ ಮಾಡಿ ಹೇಳಿದರೆ ಸಾಕಿತ್ತು ಎಂದು ಇನ್ನೊಬ್ಬ. ಅಮ್ಮನ ಕಾಲು ಹೇಗಿದೆ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ಸರ್ ಒಂದು ಮಾತೂ ಬರೆಯದೆ ಬ್ಲಾಗಿನಿಂದ ಹೊರಗೆ ಹೋದರು. ಅಂದಿನಿಂದ ಫೋನ್ ಇಲ್ಲ. ಬೆಳ್ತಂಗಡಿಯ ಬಸ್ಸು ಕಂಡಾಗ ಈಗಲೂ ಹತ್ತುವ ಎಂದು ಒಂದು ಹೆಜ್ಜೆ ಇಡುತ್ತೇನೆ, ಮರುಗಳಿಗೆಯಲ್ಲೇ ಕೋಪ ಬರುತ್ತದೆ.

ಅಮ್ಮ ಆ ವಿಷಯದಲ್ಲಿ ನನ್ನನ್ನು ಏನೂ ಕೇಳಲಿಲ್ಲ. ಮೆತ್ತನೆಯ ಚಪ್ಪಲಿ ಹಾಕಿ ನಡೆಯುವುದನ್ನು ಕಲಿತಳು. ಮಾತ್ರೆ ಎರಡು ಹೊತ್ತೂ ನುಂಗುತ್ತಾಳೆ. ಮುಂದಿನ ಆಟಿ ಅಮಾವಾಸ್ಯೆಗೆ ಎಂದಿನಂತೆ ಒಂದು ಸಣ್ಣ ಲೋಟ ಕುಡಿದು, ಮುಖ ಕಿವುಚಿ, ಮೆಂತೆ ಗಂಜಿ ಉಂಡಳು. ಎಲ್ಲ ಮೊದಲಿನಂತಾಯಿತು ಎಂದು ನಾನು ಸಮಾಧಾನ ಮಾಡಿಕೊಂಡೆ.

ಮೊನ್ನೆ ಪೇಟೆಯಿಂದ ಒಂದು ಪೊಟ್ಟಣ ರಸ್ಕ್ ತಂದೆ. ಅಮ್ಮ ಜಗಲಿಯಲ್ಲಿ ಕೂತಿದ್ದಳು. ಪೊಟ್ಟಣ ತಿರುಗಿಸಿದಳು, ಕನ್ನಡಕ ಹಣೆಗೆ ಏರಿಸಿದಳು, ಹಸಿರು ಚುಕ್ಕೆ ಹುಡುಕಿ ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ನಾನು ಅಡುಗೆಮನೆಗೆ ಒಯ್ಯಲು ಕೈ ಚಾಚಿದೆ. ಅವಳು ಬಿಡಲಿಲ್ಲ.

"ಚುಕ್ಕೆ ಉಂಟು" ಎಂದಳು. "ಒಳಗೆ ಎಂತೆಲ್ಲಾ ಹಾಕಿದ್ದಾರೆ ಅಂತ ಓದು."

ಜೀವಮಾನದಲ್ಲಿ ಮೊದಲ ಸಲ ಕೇಳಿದ್ದಳು. ನಾನು ಅವಳ ಪಕ್ಕ ಕೂತು ಓದಿದೆ. ಗೋಧಿ ಹಿಟ್ಟು, ಸಕ್ಕರೆ, ಎಣ್ಣೆ, ಉಪ್ಪು, ಹುಳಿ ಬರಿಸುವ ಯೀಸ್ಟ್, ಕೊನೆಗೆ ಅಂಕಿಗಳಲ್ಲಿ ಕೊಟ್ಟಿದ್ದ ಒಂದೆರಡು ರಾಸಾಯನಿಕಗಳು, ಅವು ಏನೆಂಬುದನ್ನೂ ಬಿಡಿಸಿ ಹೇಳಿದೆ.

"ಪೂರಾ ಓದಿದೆಯಾ?"

"ಪೂರಾ ಓದಿದೆ ಅಮ್ಮ."

ಅವಳು ನನ್ನ ಮುಖವನ್ನೇ ನೋಡಿದಳು, ಪೊಟ್ಟಣವನ್ನು ನೋಡುವಷ್ಟೇ ಹತ್ತಿರದಿಂದ.

"ಇನ್ನೊಮ್ಮೆ ಓದು ಮಗಾ" ಎಂದಳು.

ನಾನು ಗೋಧಿ ಹಿಟ್ಟಿನಿಂದ ಶುರು ಮಾಡಿದೆ.